ತಾಮ್ರದ ಕೋಣೆಯಲ್ಲಿ ಮೂರು ಕೂಗು

ಹಲ್ಲುನೋವಿಲ್ಲದವರು ತಾವಾಗಿ ಬಂದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವುದು ಅಪರೂಪ. ಆ ಬೆಳಿಗ್ಗೆ ಬಂದವಳು ಕೂತಳು, ತಲೆಯನ್ನು ಹಿಂದಕ್ಕೆ ಒರಗಿಸಿದಳು, ಬಾಯಿ ಮಾತ್ರ ತೆರೆಯಲಿಲ್ಲ. ಡಾಕ್ಟರು ದೀಪ ಹಾಕಿ, ಪುಟ್ಟ ಕನ್ನಡಿಯನ್ನು ಕೈಗೆತ್ತಿಕೊಂಡು, "ಎಲ್ಲಿ ನೋವು?" ಎಂದು ಕೇಳಿದರು.

"ಹಲ್ಲಲ್ಲಿ ಇಲ್ಲ ಡಾಕ್ಟ್ರೇ. ಮನೆ ಬಾಗಿಲು ಯಾವುದು ಅಂತ ಗೊತ್ತಾಗ್ಲಿಲ್ಲ, ಕ್ಲಿನಿಕ್ಕಿಗೇ ಬಂದುಬಿಟ್ಟೆ. ನನಗೆ ಏರಿಯಲ್ ಅಮ್ಮನ್ನ ನೋಡಬೇಕು."

ಡಾಕ್ಟರು ದೀಪ ಆರಿಸಿದರು. ತಮ್ಮ ಬಾಗಿಲು ತಟ್ಟುವವರಲ್ಲಿ ಒಂದಷ್ಟು ಜನ ಅತ್ತೆಯನ್ನು ಹುಡುಕಿಕೊಂಡು ಬಂದವರು ಎಂಬುದನ್ನು ಅವರು ಮದುವೆಯಾದ ಹೊಸತರಲ್ಲೇ ಒಪ್ಪಿಕೊಂಡಿದ್ದರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಮಹಡಿಯ ಮೇಲೆ ಅತ್ತೆ ಒಂದು ತಗಡಿನ ಡಬ್ಬಿಯನ್ನು ಮಗುಚಿಕೊಂಡು ಹಳೆಯ ಸ್ಕ್ರೂಗಳನ್ನು ಅಳತೆ ನೋಡಿ ವಿಂಗಡಿಸುತ್ತಿದ್ದರು. ಕೆಲಸದಲ್ಲಿದ್ದಾಗ ಅವರು ತರಂಗ ನಿಯಂತ್ರಣ ಮಂಡಳಿಯ ನಿಗಾ ವಿಭಾಗದಲ್ಲಿದ್ದವರು. ನೆತ್ತಿಯ ಮೇಲೆ ಏರಿಯಲ್ ತಿರುಗುವ ವ್ಯಾನಿನಲ್ಲಿ ಊರೂರು ಅಲೆದು, ಪರವಾನಗಿ ಇಲ್ಲದೆ ಗಾಳಿಗೆ ದನಿ ಬಿಟ್ಟವರನ್ನು ಅವರ ಮನೆಯಲ್ಲೇ ಹೋಗಿ ಹಿಡಿಯುವುದು ಅವರ ಕಸುಬಾಗಿತ್ತು. ನಿವೃತ್ತಿಯಾದಾಗ ವ್ಯಾನು ಹೋಯಿತು, ಅಡ್ಡಹೆಸರು ಉಳಿಯಿತು. ವ್ಯಾನಿನ ಜಾಗಕ್ಕೆ ಅಳಿಯನ ಕಾರು ಬಂತು, ಡ್ರೈವರನ ಜಾಗಕ್ಕೆ ಅಳಿಯನೇ ಬಂದರು.

"ಕೂತ್ಕೊಮ್ಮ. ಅಳೋದಿದ್ರೆ ಮೊದಲು ಅತ್ತುಬಿಡು. ಆಮೇಲೆ ಮೊದಲಿಂದ ಹೇಳು," ಎಂದರು ಅತ್ತೆ.

ಅವಳು ಅಳಲಿಲ್ಲ. ಅಳುವುದನ್ನೆಲ್ಲ ಮುಗಿಸಿಯೇ ಬಂದಿದ್ದಳೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

"ನಾನು ಉಪಕರಣ ಪರೀಕ್ಷೆ ಮಾಡೋ ಲ್ಯಾಬಲ್ಲಿ ಎಂಜಿನಿಯರು. ವೈಫೈ ಇರೋ ಯಾವ ಸಾಮಾನೇ ಆಗ್ಲಿ, ಮಾರಾಟಕ್ಕೆ ಬರೋ ಮುಂಚೆ ನಮ್ಮಂಥ ಕಡೆ ಪಾಸಾಗಬೇಕು. ಪಾಸು ಅಂತ ಸಹಿ ಹಾಕೋಳು ನಾನು. ಆ ಸಹಿ ನಂಬಿಕೊಂಡು ಮಂಡಳಿ ಅನುಮತಿ ಕೊಡುತ್ತೆ."

"ಗೊತ್ತು. ಮುಂದೆ?"

"ಆಸ್ಪತ್ರೆ ಹಾಸಿಗೆ ಪಕ್ಕ ಇಡೋ ಒಂದು ಪೆಟ್ಟಿಗೆ ಬಂತು. ರೋಗಿಯ ನಾಡಿ, ಉಸಿರು ಎಲ್ಲಾ ವೈಫೈಯಲ್ಲಿ ನರ್ಸ್ ಇರೋ ಕಡೆಗೆ ಕಳಿಸುತ್ತೆ. ಎಷ್ಟು ಕ್ಷೀಣವಾದ ಸಂಕೇತ ಅದಕ್ಕೆ ಕೇಳಿಸುತ್ತೆ ಅನ್ನೋದೇ ಪರೀಕ್ಷೆ. ನಾನು ಮಾಡಿದಾಗ ಎಲ್ಲಾ ಚಾನೆಲ್‌ನಲ್ಲೂ ಪಾಸಾಯ್ತು. ಅಂಥದೇ ಪೆಟ್ಟಿಗೆ ಮಾಡೋ ಇನ್ನೊಂದು ಕಂಪನಿಯವರು ನನ್ನ ವರದಿ ಸುಳ್ಳು ಅಂತ ದೂರು ಕೊಟ್ರು. ಮಂಡಳಿಯವರು ಸಾಕ್ಷಿಗಳ ಎದುರಿಗೆ ಮತ್ತೆ ಮಾಡಿ ಅಂದ್ರು. ಫೇಲಾಯ್ತು. ಇನ್ನೊಂದು ದಿನ ಮಾಡಿದ್ವಿ. ಅದೇ ಥರ ಫೇಲಾಯ್ತು."

"ಎಲ್ಲಿ ಮಾಡಿದ್ರಿ?"

"ಕವಚದ ಕೋಣೇಲಿ. ಸುತ್ತ ತಾಮ್ರದ ಹೊದಿಕೆ. ಬಾಗಿಲು ಹಾಕಿದ್ರೆ ಹೊರಗಿನ ಯಾವ ಅಲೆನೂ ಒಳಗೆ ಬರಲ್ಲ. ಎಲ್ಲರ ಫೋನೂ ಹೊರಗಿನ ಗೂಡಲ್ಲಿ. ಅಮ್ಮ, ನಾನು ಸುಳ್ಳು ಬರೆದಿಲ್ಲ. ಆದ್ರೆ ಆ ಕೋಣೇಲಿ ಏನೋ ಅಡ್ಡ ಬಂತು ಅಂದ್ರೆ ನಾನೇ ನಂಬಲ್ಲ, ಇನ್ನು ಬೇರೆಯವರು ಹೇಗೆ ನಂಬ್ತಾರೆ? ನಾಡಿದ್ದು ಮಂಡಳಿ ಸಭೆ. ನನ್ನ ಸಹಿ ರದ್ದು ಮಾಡ್ತಾರೆ. ಈ ಕಸುಬಲ್ಲಿ ಒಂದು ಸಲ ಸುಳ್ಳಿ ಅನ್ನಿಸಿಕೊಂಡ್ರೆ ಯಾರೂ ಹತ್ತಿರ ಸೇರಿಸಲ್ಲ. ನಿನ್ನೆ ನಮ್ಮಪ್ಪಾನೂ ಕೇಳಿದ್ರು. 'ನಿಜ ಹೇಳು ಮಗಳೇ, ಮಾಡಿದ್ಯಾ?' ಅಂತ."

ಡಾಕ್ಟರಿಗೆ ಅವಳ ಮುಖ ನೋಡಲಾಗಲಿಲ್ಲ. ಅವರಿಗೂ ಒಬ್ಬ ಮಗಳಿದ್ದಳು.

"ಯಾವ ಚಾನೆಲ್ ಫೇಲಾದ್ವು?" ಅತ್ತೆ ಸ್ಕ್ರೂ ಆರಿಸುತ್ತಲೇ ಕೇಳಿದರು.

"ತೀರಾ ಕೆಳಗಿಂದು. ನಡುವೆ ಒಂದೆರಡು. ತೀರಾ ಮೇಲಿಂದು. ಮಿಕ್ಕಿದ್ದೆಲ್ಲ ಎರಡು ಸಲಾನೂ ಪಾಸು."

ಅತ್ತೆಯ ಕೈ ನಿಂತಿತು. "ಕೆಳಗೆ, ನಡುವೆ, ಮೇಲೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅಳಿಯನತ್ತ ತಿರುಗಿದರು. "ಅಳಿಯಂದ್ರೇ, ಮಧ್ಯಾಹ್ನ ಹಲ್ಲು ಕೀಳೋದಿದೆಯಾ?"

"ಎರಡಿದೆ ಅತ್ತೆ."

"ಅವು ನಾಳೆವರೆಗೂ ಎಲ್ಲೂ ಓಡಿಹೋಗಲ್ಲ. ಕಾರು ತೆಗೀರಿ."

ಲ್ಯಾಬು ಊರ ಹೊರಗಿನ ಕೈಗಾರಿಕಾ ಬಡಾವಣೆಯಲ್ಲಿತ್ತು. ಒಳಗೆ ಹೋಗುವ ಮೊದಲು ಅತ್ತೆ ತಮ್ಮಿಬ್ಬರ ಫೋನುಗಳನ್ನೂ ಕಾರಿನಲ್ಲೇ ಬಿಡಿಸಿದರು. ಲ್ಯಾಬಿನ ಯಜಮಾನರು ತಾವೇ ಮುಂದೆ ನಿಂತು ಕೋಣೆ ತೋರಿಸಿದರು. ತಿಂಗಳುಗಟ್ಟಲೆ ನಿದ್ದೆಯಿಲ್ಲದವರಂತಿದ್ದರು ಪಾಪ. ಒಬ್ಬರೇ ಎಳೆಯಲು ಕಷ್ಟಪಡುವಷ್ಟು ಭಾರದ ಬಾಗಿಲು, ಅದರ ಅಂಚಿಗೆ ಸುತ್ತಲೂ ತಾಮ್ರದ ಸಣ್ಣ ಸಣ್ಣ ಸ್ಪ್ರಿಂಗ್ ಪಟ್ಟಿ. ಒಳಗೆ ಗೋಡೆ ತುಂಬ ಮೊನಚಾದ ನೀಲಿ ಸ್ಪಂಜು. ಮಾತಾಡಿದರೆ ಮಾತು ಬಾಯಿಂದ ಬಿದ್ದಲ್ಲೇ ಉಳಿಯುತ್ತಿತ್ತು. ಮಧ್ಯದ ಮೇಜಿನ ಮೇಲೆ ಆಸ್ಪತ್ರೆಯ ಪೆಟ್ಟಿಗೆ, ಅದರ ಎದುರು ಮೂರು ಕುರ್ಚಿ.

"ನೀನು ಮೊದಲು ಪರೀಕ್ಷೆ ಮಾಡಿದಾಗ ಎಲ್ಲಿ ಕೂತಿದ್ದೆ?" ಅತ್ತೆ ಎಂಜಿನಿಯರ್ ಹುಡುಗಿಯನ್ನು ಕೇಳಿದರು.

"ಹೊರಗೆ ಅಮ್ಮ. ಕೇಬಲ್ಲಿಂದ ನಡೆಸ್ತೀವಿ. ಸಾಕ್ಷಿಗಳು ಬಂದಾಗ ಮಾತ್ರ ಒಳಗೆ ಕೂರಬೇಕಾಯ್ತು. ಹೊರಗಿಂದ ಕೈಚಳಕ ಮಾಡಿದಾಳೆ ಅಂತ ದೂರಿತ್ತಲ್ಲ, ಅದಕ್ಕೆ."

"ಯಾರ್ಯಾರು?"

"ನಾನು, ದೂರು ಕೊಟ್ಟ ಕಂಪನಿಯವರು, ಮಂಡಳಿಯಿಂದ ಕಲಂ ಸಾಹೇಬ್ರು."

ಆ ಇಬ್ಬರೂ ಹಜಾರದಲ್ಲಿ ಕಾಯುತ್ತಿದ್ದರು. ಆರೋಪ ಹೊತ್ತ ಲ್ಯಾಬು ತನ್ನ ಪರವಾಗಿ ಒಬ್ಬ ತಜ್ಞರನ್ನು ಕರೆಸಬಹುದು, ಅವರ ಪ್ರಶ್ನೆಗೆ ಸಾಕ್ಷಿಗಳು ಉತ್ತರಿಸಬೇಕು ಎಂದು ನಿಯಮವಿತ್ತು. ಕಂಪನಿಯವನು ಒಳ್ಳೆಯ ಕೋಟು ಹಾಕಿದ ನಲವತ್ತರ ಗಂಡಸು. ಗೆದ್ದ ಮೇಲೆ ಹೇಗೆ ನಗಬೇಕೆಂದು ಈಗಲೇ ಅಭ್ಯಾಸ ಮಾಡುತ್ತಿದ್ದ. ಅವನ ಮಣಿಕಟ್ಟಿನಲ್ಲಿ ಪೂರಿಯಷ್ಟು ದಪ್ಪ ಗಡಿಯಾರ. ಡಾಕ್ಟರ ಕಣ್ಣು ಅಲ್ಲೇ ನೆಟ್ಟಿತು.

ಕಲಂ ಸಾಹೇಬರು ಬೇರೆ ತೂಕದ ಮನುಷ್ಯ. ಕಿವಿ ಮುಚ್ಚುವಂತೆ ಬಾಚಿದ ಬಿಳಿ ಕೂದಲು, ಇಸ್ತ್ರಿ ಮುರಿಯದ ಶರಟು. ಪ್ರತಿ ಮಾತಿಗೂ ಇಂಥ ಕಲಂ, ಇಂಥ ಉಪಕಲಂ ಎನ್ನುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಹಲವು ದೇಶಗಳ ಎಂಜಿನಿಯರುಗಳು ಕೂತು ವೈರ್‌ಲೆಸ್ ಮಾನಕಗಳನ್ನು ಗೊತ್ತು ಮಾಡುವ ಸಮಿತಿಗಳಲ್ಲಿ ಅವರು ಅರ್ಧ ಆಯುಷ್ಯ ಕಳೆದಿದ್ದರು. ಡಾಕ್ಟರು ಹಜಾರಕ್ಕೆ ಬಂದಾಗ ಅವರು ಕಿಟಕಿಯ ಬಳಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಸಂಜೆ ಬೇಗ ಬರ್ತೀನಿ ಕಣೇ, ನೀನು ಮಾತ್ರೆ ತಗೋ," ಎಂದು ಬರೀ ಗಾಳಿಗೆ ಹೇಳುತ್ತಿದ್ದರು. ವಯಸ್ಸಾದಂತೆ ಎಲ್ಲರಿಗೂ ಈ ಅಭ್ಯಾಸ ಹತ್ತುತ್ತದೆ ಎಂದುಕೊಂಡು ಡಾಕ್ಟರು ಸುಮ್ಮನಾದರು.

ನೆಗಡಿಯಾಗಿದ್ದರಿಂದ ಡಾಕ್ಟರು ಮಾಸ್ಕ್ ಹಾಕಿಕೊಂಡೇ ಬಂದಿದ್ದರು. "ನೀವು ಎರಡು ಸಲಾನೂ ಒಳಗೆ ಒಂದೇ ಕುರ್ಚೀಲಿ ಕೂತಿದ್ರಾ ಸಾರ್?" ಎಂದು ಕೇಳಿದರು.

ಸಾಹೇಬರು ಹುಬ್ಬು ಗಂಟಿಕ್ಕಿದರು. "ಮೊದಲು ಮುಖದ ಮೇಲಿಂದು ತೆಗೆದು ಮಾತಾಡಿ. ಇದು ಆಸ್ಪತ್ರೆ ಅಲ್ಲ."

ಡಾಕ್ಟರು ತೆಗೆದರು, ಮತ್ತೆ ಕೇಳಿದರು, ಉತ್ತರ ಸಿಕ್ಕಿತು. ಹೌದು, ಅದೇ ಕುರ್ಚಿ. ಆದರೆ ಒಂದು ಸೀನೂ ಬಂದು, ಆ ಮರ್ಯಾದಸ್ಥರ ಎದುರು ಅವರಿಗೆ ನೆಲ ಬಿರಿಯಬಾರದೇ ಎನ್ನಿಸಿತು.

ಅತ್ತೆ ಮೆಲ್ಲಗೆ ಕೇಳಿದರು. "ಕೋಣೆ ಶುದ್ಧವಾಗಿದೆ ಅಂತ ಹೇಗೆ ಖಾತ್ರಿ ಮಾಡ್ಕೊಂಡ್ರಿ?"

"ಪ್ರತಿ ಸಲಾನೂ ಪರೀಕ್ಷೆಗೆ ಮೊದಲು ಆಲಿಸೋ ಯಂತ್ರ ಒಳಗಿಟ್ಟು, ಬಾಗಿಲು ಹಾಕಿ ನೋಡಿದ್ವಿ," ಎಂದಳು ಎಂಜಿನಿಯರ್. "ಒಂದು ಚೂರೂ ಗದ್ದಲ ಇರಲಿಲ್ಲ."

"ಒಳಗೆ ಜನ ಇದ್ದಾಗಲಾ, ಇಲ್ಲದಾಗಲಾ?"

"ಕೋಣೆ ಖಾಲಿ ಇರಬೇಕು," ಸಾಹೇಬರು ನಡುವೆ ಬಂದರು. "ಹಾಗಂತ ಕಲಂ ಇದೆ. ಅದನ್ನ ಬರೆದವನು ನಾನೇ. ಎರಡನೇ ಸಲ ಎಲ್ಲರ ಜೇಬನ್ನೂ ತಡಕಿಸಿದೀನಿ, ಗಡಿಯಾರಾನೂ ಬಿಚ್ಚಿಸಿದೀನಿ. ಇನ್ನೇನು ಬೇಕು ನಿಮಗೆ?"

"ಏನೂ ಬೇಡ," ಎಂದರು ಅತ್ತೆ. "ನಾಳೆ ಬೆಳಿಗ್ಗೆ ಎಲ್ಲರೂ ಒಂದು ಸಲ ಅದೇ ಕುರ್ಚಿಗಳಲ್ಲಿ ಕೂರಬೇಕು, ಅಷ್ಟೆ."

ವಾಪಸು ಬರುವಾಗ ಡಾಕ್ಟರು ಸ್ಟಿಯರಿಂಗ್ ಹಿಡಿದು ತಮ್ಮ ತೀರ್ಪು ಕೊಟ್ಟುಬಿಟ್ಟರು. "ಕೋಟಿನವನೇ ಅತ್ತೆ. ಆ ಗಡಿಯಾರದಲ್ಲಿ ಏನೋ ಇದೆ."

"ಅದು ಕೀಲಿ ಕೊಡೋ ಗಡಿಯಾರ. ಮಾತಾಡ್ತಾ ಮಾತಾಡ್ತಾ ತಿರುಪ್ತಿದ್ದ, ನೋಡ್ಲಿಲ್ವಾ? ಎರಡನೇ ಸಲ ಅದನ್ನೂ ಬಿಚ್ಚಿಟ್ಟಿದ್ದ. ಆದ್ರೂ ಫೇಲಾಯ್ತಲ್ಲ."

"ಹಾಗಿದ್ರೆ ಆ ಹುಡುಗಿಯೇ..." ಎಂದವರು ಅತ್ತೆಯ ನೋಟಕ್ಕೆ ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ನಕ್ಕರು. "ಒಂದು ತಮಾಷೆ ಗೊತ್ತಾ? ಆ ಸಾಹೇಬ್ರು ಕಸುಬು ತಪ್ಪಿ ಮಂಡಳಿ ಸೇರಿದಾರೆ. ಹಲ್ಲಿನ ಡಾಕ್ಟರಾಗಬೇಕಿತ್ತು. ಯಾರು ಮಾತಾಡಿದ್ರೂ ಕಣ್ಣು ನೋಡಲ್ಲ, ನನ್ನ ಹಾಗೆ ಬಾಯೇ ನೋಡ್ತಾರೆ. ನನ್ನ ಹಲ್ಲಲ್ಲಿ ಏನಾದ್ರೂ ಸಿಕ್ಕಿಕೊಂಡಿದೆಯಾ ಅಂತ ನಾಲಿಗೆಯಿಂದ ತಡವಿಕೊಂಡೆ."

ಅತ್ತೆ ನಗಲಿಲ್ಲ. "ಮಾಸ್ಕ್ ತೆಗೆಸಿದ್ರು," ಎಂದರು. ಮತ್ತೆ ಬಹಳ ದೂರ ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತ, "ಅಯ್ಯೋ ಪಾಪ," ಎಂದರು. ಅದು ಯಾರಿಗೆ ಎಂದು ಕೇಳುವ ಧೈರ್ಯ ಅಳಿಯನಿಗಾಗಲಿಲ್ಲ.

ಮರುದಿನ ಬೆಳಿಗ್ಗೆ ಎಂಜಿನಿಯರ್, ಕೋಟಿನವನು, ಕಲಂ ಸಾಹೇಬರು ತಮ್ಮ ತಮ್ಮ ಫೋನನ್ನು ಹೊರಗಿನ ಗೂಡಿನಲ್ಲಿಟ್ಟು ಒಳಗೆ ಬಂದು ಕೂತರು. ಅತ್ತೆಯೂ ಡಾಕ್ಟರೂ ಗೋಡೆಗೆ ತಾಗಿ ನಿಂತರು. ಅವರ ಫೋನುಗಳು ಕಾರಿನಲ್ಲೇ ಇದ್ದವು. ಬಾಗಿಲಿನ ಉಸ್ತುವಾರಿ ಯಜಮಾನರದು. ಮೇಜಿನ ಮೇಲೆ ಈ ಸಲ ಆಲಿಸುವ ಯಂತ್ರವಿತ್ತು. ಗಾಳಿಯಲ್ಲಿ ಯಾವುದಾದರೂ ಸಂಕೇತವಿದ್ದರೆ ಅದರ ಪರದೆಯ ಮೇಲೆ ಮೊನೆಯಂತೆ ಏಳುತ್ತಿತ್ತು. ಅತ್ತೆ ಅದನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ, ತಾವು ಬೆಳಕಿಗೆ ಮುಖ ಮಾಡಿ ನಿಂತು, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಇಷ್ಟು ನಿಧಾನವಾಗಿ ಅವರು ಮಾತಾಡಿದ್ದನ್ನು ಅಳಿಯ ಹಿಂದೆಂದೂ ಕೇಳಿರಲಿಲ್ಲ.

"ಇಷ್ಟು ದಿನ ಈ ಯಂತ್ರಕ್ಕೆ ಖಾಲಿ ಕೋಣೆ ತೋರಿಸಿದ್ರಿ. ಇವತ್ತು ನಮ್ಮನ್ನ ತೋರಿಸೋಣ. ಯಜಮಾನ್ರೇ, ಬಾಗಿಲು."

ಬಾಗಿಲು ಮುಚ್ಚಿತು. ಮೊದಮೊದಲು ಪರದೆ ಸಪಾಟಾಗಿತ್ತು. ಕೋಟಿನವನು ತುಟಿ ಅರಳಿಸುವಷ್ಟರಲ್ಲಿ ಎಡತುದಿಯಲ್ಲಿ ಒಂದು ಮೊನೆ ಎದ್ದಿತು. ನಡುವೆ ಒಂದು. ಬಲತುದಿಯಲ್ಲಿ ಒಂದು. ಎದ್ದವು, ಬಿದ್ದವು, ಮತ್ತೆ ಎದ್ದವು.

ಎಂಜಿನಿಯರ್ ಎದ್ದೇ ನಿಂತಳು. "ಅದೇ! ಫೇಲಾದ ಜಾಗಗಳೇ!"

"ಯಾರೋ ಜಾಮರ್ ತಂದಿದಾರೆ!" ಕೋಟಿನವನು ಕೂಗಿದ. "ನಾನಂತೂ ಅಲ್ಲ."

"ನೀವಲ್ಲ, ಕೂತ್ಕೊಳ್ಳಿ," ಎಂದರು ಅತ್ತೆ. "ಜಾಮರ್ ಆಗಿದ್ರೆ ಪೂರ್ತಿ ಕೆಡಿಸ್ತಿತ್ತು. ಅಲ್ಲೊಂದು ಇಲ್ಲೊಂದು ಜಾಗ ಬಿಡೋ ಮರ್ಯಾದೆ ಅದಕ್ಕಿಲ್ಲ. ಈ ಹುಡುಗಿ ಮೂರು ಜಾಗ ಅಂದಾಗಲೇ ನನಗೆ ಅನುಮಾನ ಬಂತು. ಗಾಳಿ ಎಲ್ಲರದ್ದೂ ತಾನೆ? ಅದಕ್ಕೇ ಒಂದು ಸಮಿತಿ ಕೂತು ಯಾವ ಸಾಮಾನು ಎಲ್ಲಿ ಮಾತಾಡಬೇಕು, ಹೇಗೆ ಮಾತಾಡಬೇಕು ಅಂತ ಗೊತ್ತು ಮಾಡುತ್ತೆ. ಮಂಡಳಿ ಎಷ್ಟು ಜೋರಾಗಿ ಮಾತಾಡಬಹುದು ಅಂತ ಹೇಳುತ್ತೆ. ಫೋನಿಗೆ ಜೋಡಿಯಾಗೋ ಸಣ್ಣ ಸಣ್ಣ ಬ್ಲೂಟೂತ್ ಸಾಮಾನುಗಳಿವೆಯಲ್ಲ, ಅವು ಜೋಡಿ ತಪ್ಪಿಹೋದಾಗ 'ನಾನಿಲ್ಲಿದೀನಿ' ಅಂತ ಕೂಗೋಕೆ ಮೂರೇ ಜಾಗ ಕೊಟ್ಟಿದಾರೆ. ಆ ತುದಿ, ಈ ತುದಿ, ನಡುವೆ ಒಂದು. ಯಾವ ಕಂಪನಿ ಮಾಡಿದ್ರೂ ಅಷ್ಟೆ, ಯಾವ ದೇಶದಲ್ಲಿ ಮಾಡಿದ್ರೂ ಅಷ್ಟೆ."

ಅವರು ಕೇಬಲ್ಲಿಗೆ ಸಿಕ್ಕಿಸಿದ ಮೈಕಿನಲ್ಲಿ ಹೇಳಿದರು. "ಯಜಮಾನ್ರೇ, ಬಾಗಿಲು ತೆಗೀರಿ."

ಬಾಗಿಲು ತೆರೆದಾಗ ಹೊರಗಿನ ಸಣ್ಣಪುಟ್ಟ ಅಲೆಗಳು ಪರದೆಯಲ್ಲಿ ಮೂಡಿದವು, ಆದರೆ ಸ್ವಲ್ಪ ಹೊತ್ತಿಗೆ ಆ ಮೂರು ಮೊನೆಗಳೂ ಅಡಗಿದವು. ಮುಚ್ಚಿಸಿದರು. ತುಸು ತಡೆದು ಮತ್ತೆ ಎದ್ದವು.

"ನೋಡಿದ್ರಾ? ಬಾಗಿಲು ತೆರೆದ್ರೆ ಸಮಾಧಾನ, ಮುಚ್ಚಿದ್ರೆ ಕೂಗಾಟ. ಇದು ಕೆಡಿಸೋಕೆ ಬಂದಿದ್ದಲ್ಲ. ಹೊರಗೆ ಗೂಡಲ್ಲಿ ಬಿಟ್ಟುಬಂದ ಫೋನನ್ನ ಹುಡುಕ್ತಾ ಇದೆ. ಗದ್ದಲ ಬೇಡ ಅಂತ ಫೋನು ಹೊರಗಿಡೋ ಪದ್ಧತಿ ಮಾಡ್ಕೊಂಡ್ರಿ. ಹೊರಗಿಟ್ಟಿದ್ದಕ್ಕೇ ಗದ್ದಲ ಶುರುವಾಯ್ತು. ಖಾಲಿ ಕೋಣೆ ಅಳೆದಾಗ ಇದು ಸಿಕ್ಕಲಿಲ್ಲ, ಯಾಕಂದ್ರೆ ಇದು ಮನುಷ್ಯರ ಮೈಮೇಲೇ ಒಳಗೆ ಬರುತ್ತೆ. ಜೇಬು ತಡಕಿದಾಗಲೂ ಸಿಕ್ಕಲಿಲ್ಲ, ಯಾಕಂದ್ರೆ ಜೇಬಲ್ಲಿ ಇರಲಿಲ್ಲ."

"ಯಾರ ಹತ್ರ ಇದೆ?" ಎಂದು ಎಂಜಿನಿಯರ್ ಮೆಲ್ಲಗೆ ಕೇಳಿದಳು.

"ಅದನ್ನ ಫೋನುಗಳೇ ಹೇಳ್ತವೆ. ಯಾವ ಫೋನು ಒಳಗೆ ಬಂದಾಗ ಕೂಗು ನಿಲ್ಲುತ್ತೋ ಅದೇ ಅದರ ಜೋಡಿ. ಅಳಿಯಂದ್ರೇ, ಮೊದಲು ಈ ಮಗೂದು ತನ್ನಿ."

ಡಾಕ್ಟರು ಎಂಜಿನಿಯರ್ ಹುಡುಗಿಯ ಫೋನು ತಂದು ಮೇಜಿನ ಮೇಲಿಟ್ಟರು. ಬಾಗಿಲು ಮುಚ್ಚಿತು. ಫೋನು ತನ್ನದೊಂದಿಷ್ಟು ಗಲಾಟೆ ಮಾಡಿತು. ಆದರೆ ಮೂರು ಮೊನೆಗಳು ಎದ್ದೇ ಇದ್ದವು. ಅವಳು ಉಸಿರು ಬಿಟ್ಟಿದ್ದು ಆ ಸತ್ತ ಕೋಣೆಯಲ್ಲೂ ಕೇಳಿಸಿತು. ಆಮೇಲೆ ಕೋಟಿನವನ ಫೋನು. ಅವನ ಹಣೆ ಬೆವತಿತ್ತು. ಮೈಮೇಲೆ ಏನೂ ಇಲ್ಲದಿದ್ದರೂ ಬೆವರುವವರು ಇರುತ್ತಾರೆ. ಮೊನೆಗಳು ಅಡಗಲಿಲ್ಲ.

ಗೂಡಿನಲ್ಲಿ ಉಳಿದದ್ದು ಒಂದೇ ಫೋನು. ಡಾಕ್ಟರು ಬಾಗಿಲ ಕಡೆ ಹೆಜ್ಜೆ ಇಟ್ಟರು. ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿದರು.

"ಬೇಡಿ," ಎಂದವರೇ ಕಲಂ ಸಾಹೇಬರ ಎದುರಿಗೆ ಹೋಗಿ ಕುರ್ಚಿಯ ಮಟ್ಟಕ್ಕೆ ಬಾಗಿದರು. "ಸಾರ್, ಅದನ್ನೂ ತರಿಸಲಾ?"

ಸಾಹೇಬರು ಎರಡೂ ಕೈಗಳಿಂದ ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿ, ಕಿವಿಗಳ ಹಿಂದಿನಿಂದ ಅವರೆಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಬೂದು ಸಾಮಾನುಗಳನ್ನು ತೆಗೆದು, ಒತ್ತಿ ಆರಿಸಿ, ಮೇಜಿನ ಮೇಲಿಟ್ಟರು. ಪರದೆ ಸಪಾಟಾಯಿತು.

ಡಾಕ್ಟರಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕಿಟಕಿಯ ಬಳಿ ಗಾಳಿಗೆ ಹೇಳಿದ ಮಾತು ಹೆಂಡತಿಗೆ ಹೇಳಿದ್ದು. ಫೋನು ಜೇಬಿನಲ್ಲಿತ್ತು, ದನಿ ಕಿವಿಯಲ್ಲಿತ್ತು. ಬಾಯಿ ನೋಡುತ್ತಿದ್ದುದು ಹಲ್ಲಿಗಲ್ಲ, ತುಟಿಗೆ. ಫೋನಿಲ್ಲದಿದ್ದರೂ ಆ ಶ್ರವಣ ಯಂತ್ರಗಳು ಎದುರಿನವರ ಮಾತು ಕೇಳಿಸುತ್ತಿದ್ದವು, ಆದರೆ ಮಾಸ್ಕಿನ ಹಿಂದಿನ ಮಾತು ಹಿಡಿಯುವಷ್ಟಲ್ಲ. ತಮ್ಮ ತಮಾಷೆ ನೆನಪಾಗಿ ಅವರಿಗೆ ನಾಚಿಕೆಯಾಯಿತು.

"ಸಮಿತಿ ಅಂದ್ರೆ ಬರೀ ಮಾತು," ಸಾಹೇಬರು ಹೇಳಿದರು. ತಮ್ಮ ದನಿ ತಮಗೇ ಸರಿಯಾಗಿ ಕೇಳಿಸದೆ ಜೋರಾಗಿ ಹೇಳಿದರು. "ಕಿವಿ ಹೋಯ್ತು ಅಂತ ಗೊತ್ತಾದ್ರೆ ಮೊದಲು ಗೌರವದಿಂದ ಒಂದು ಮೂಲೇಲಿ ಕೂರಿಸ್ತಾರೆ. ಆಮೇಲೆ ಕರೆಯೋದೇ ಇಲ್ಲ. ಬೇರೆಯವರಿಗೆ ಆಗಿದ್ದು ನೋಡಿದೀನಿ."

ಅತ್ತೆ ಅವರ ಮುಖದ ಎದುರಿಗೇ ಕೇಳಿದರು. "ಯಾವಾಗ ಗೊತ್ತಾಯ್ತು?"

"ಎರಡನೇ ಸಲ ಆದ್ಮೇಲೆ. ಮನೇಲಿ ಫಲಿತಾಂಶ ಹರಡ್ಕೊಂಡು ಕೂತಿದ್ದೆ. ಆ ಮೂರು ಜಾಗ ಗೊತ್ತು ಮಾಡಿದ ಸಭೇಲಿ ನಾನೂ ಕೂತಿದ್ದವನು. ನೋಡಿದ ತಕ್ಷಣ ಗೊತ್ತಾಯ್ತು. ಇವತ್ತು ತೆಗೆದಿಟ್ಟು ಬರಬಹುದಿತ್ತು. ಆದ್ರೆ ನೀವೇನು ಮಾತಾಡ್ತೀರೋ ಕೇಳದೆ ಇಲ್ಲಿ ಕೂರೋ ಧೈರ್ಯ ಬರ್ಲಿಲ್ಲ."

"ಮೊದಲನೇ ಸಲದ್ದು ನಿಮ್ಮ ತಪ್ಪಲ್ಲ. ಎರಡನೇದೂ ಅಲ್ಲ," ಎಂದರು ಅತ್ತೆ. "ಅಲ್ಲಿಂದ ಈಚೆಗೆ ಬಾಯಿ ಬಿಡದೇ ಇದ್ರಲ್ಲ, ಅದು ಮಾತ್ರ ನಿಮ್ಮದೇ."

ಎಂಜಿನಿಯರ್ ತಲೆ ತಗ್ಗಿಸಿ ಏನೋ ಹೇಳಿದಳು. ಸಾಹೇಬರು ಅವಳತ್ತ ನೋಡಿದರು. ಅವಳ ಬಾಯಿ ಅವರಿಗೆ ಕಾಣಲಿಲ್ಲ, ಗಾಬರಿಯಿಂದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವಳು ಎದ್ದು ಬಂದು, ಆ ಎರಡು ಸಾಮಾನುಗಳನ್ನು ಅಂಗೈಯಲ್ಲಿ ಎತ್ತಿಕೊಂಡು ಅವರ ಮುಂದೆ ಹಿಡಿದಳು.

"ಹಾಕ್ಕೊಳ್ಳಿ ಸಾರ್. ನಾನು ಹೇಳೋದು ನಿಮಗೆ ಕೇಳಿಸಬೇಕು."

ಅವರು ಅವನ್ನು ಚಾಲೂ ಮಾಡಿ ಕಿವಿಗೆ ಸಿಕ್ಕಿಸಿಕೊಳ್ಳತೊಡಗಿದರು. ಎಡಗಿವಿಯದು ಎರಡು ಸಲ ಜಾರಿತು. ಯಾರೂ ಆತುರ ಮಾಡಲಿಲ್ಲ, ಕೋಟಿನವನು ಕೂಡ.

"ಈಗ ಕೇಳಿಸ್ತಿದೆಯಾ?"

"ಕೇಳಿಸ್ತಿದೆಯಮ್ಮ."

"ನಾನು ಸುಳ್ಳು ಬರೆದಿಲ್ಲ."

"ಇಲ್ಲ. ನೀನು ಬರೆದಿಲ್ಲ," ಎಂದರು ಸಾಹೇಬರು. "ನಾಳೆ ಸಭೇಲಿ ಎದ್ದು ನಿಂತು ಹೇಳ್ತೀನಿ. ಆ ಕಲಂನೂ ತಿದ್ದಿಸ್ತೀನಿ. ಕೋಣೆ ಅಳೆಯೋವಾಗ ಒಳಗೆ ಕೂರೋ ಜನಾನೂ ಇರಬೇಕು."

"ಸಭೆ ನಾಳೆ ಸಾರ್," ಎಂದಳು ಅವಳು. "ನಮ್ಮಪ್ಪ ಇವತ್ತೂ ಊಟ ಬಿಟ್ಟು ಕೂತಿದಾರೆ."

ಅವಳೇ ಮೈಕಿನಲ್ಲಿ ಬಾಗಿಲು ತೆಗೆಯಲು ಹೇಳಿದಳು. ಹೊರಗಿನ ಬೆಳಕು, ಸದ್ದು ಒಟ್ಟಿಗೇ ನುಗ್ಗಿದವು. ಮೇಜಿನ ಮೇಲಿದ್ದ ತನ್ನ ಫೋನು ತೆಗೆದುಕೊಂಡು ನಂಬರು ಒತ್ತಿ, ಅತ್ತ ಕರೆ ಹೋಗುತ್ತಿರುವಾಗಲೇ ಅದನ್ನು ಅವರ ಕೈಗೆ ಕೊಟ್ಟಳು. ಡಾಕ್ಟರು ಅತ್ತೆಯ ಕಡೆ ನೋಡಿದರು. ಅತ್ತೆ ಯಾರಿಗೂ ಕಾಣಬಾರದೆಂದು ಸ್ಪಂಜಿನ ಗೋಡೆಯತ್ತ ಮುಖ ತಿರುಗಿಸಿಕೊಂಡಿದ್ದರು.

ಕಲಂ ಸಾಹೇಬರು ಎಲ್ಲರ ಎದುರಿಗೇ ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದರು. ಅಲ್ಲಿದ್ದ ಪುಟ್ಟ ಬೂದು ಸಾಮಾನು ಎದ್ದು ಕಾಣುತ್ತಿತ್ತು. ಫೋನನ್ನು ಅದಕ್ಕೆ ಒತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ನಿಮ್ಮ ಮಗಳ ಲ್ಯಾಬಿಂದ ಮಾತಾಡ್ತಿದೀನಿ," ಎಂದು ಶುರು ಮಾಡಿದರು.